ದೀವಿಹಲಸಿನ ಎಲೆಗಳ ಗೋಡೆ

ಅಕಾಯಿತಿಯ ಹಣೆ ಕಾವೆಯ ಎದೆಗೆ ಬಡಿದ ಸದ್ದು ಅಟಿಯು ದ್ವೀಪದ ಐದೂ ಊರುಗಳಿಗೆ ಕೇಳಿಸಿತು. ನಂಬಿಕೆ ಬಾರದವರು ಬಂದು ನಮ್ಮ ಹೊಲಿಗೆ ಮನೆಯ ಬಾಗಿಲು ಮುಟ್ಟಿ ನೋಡಬಹುದು, ಇವತ್ತಿಗೂ ಅಲುಗಾಡುತ್ತದೆ.

ಅವತ್ತು ಮಂಗಳವಾರ. ನಾವು ಹೆಂಗಸರು ಚಾಪೆಯ ಮೇಲೆ ಕೌದಿ ಹರಡಿಕೊಂಡು ಕೂತಿದ್ದೆವು. ಬಿಳಿ ಬಟ್ಟೆಯ ಮೇಲೆ ಬಣ್ಣದ ಬಟ್ಟೆಯಿಂದ ಕತ್ತರಿಸಿದ ಹೂವು, ಎಲೆ ಕೂರಿಸಿ ಹೊಲಿಯುವ ಕೌದಿ. ನಾವು ತಿವೈವೈ ಎನ್ನುತ್ತೇವೆ. ಇಡೀ ಸಾಗರದಲ್ಲಿ ನಮ್ಮಂತೆ ಹೊಲಿಯುವವರು ಇಲ್ಲ. ನಮ್ಮಲ್ಲಿ ನನ್ನಂತೆ ಹೊಲಿಯುವವರು ಇಲ್ಲ. ಆದರೆ ಬಟ್ಟೆಯನ್ನು ಎಂಟು ಮಡಿಕೆ ಮಾಡಿ, ಒಂದು ಗೆರೆಯನ್ನೂ ಎಳೆಯದೆ, ಬರೀ ಕತ್ತರಿಯಿಂದ ಒಂದು ಕಾಡನ್ನೇ ಬಿಡಿಸಿ ಇಡುತ್ತಿದ್ದವಳು ಒಬ್ಬಳೇ. ಅವಳೇ ಅಕಾಯಿತಿ. ಅಷ್ಟನ್ನು ಮಾತ್ರ ನಾನು ಒಪ್ಪಿಕೊಳ್ಳುತ್ತೇನೆ.

ಅವಳು ನೀರು ಕುಡಿಯಲು ಎದ್ದು ಹೊರಟಿದ್ದಳು. ಗಂಡಸರು ಕಾಲಿಡದ ಆ ಬಾಗಿಲಲ್ಲಿ ಕಾವೆ ಒಳಗೆ ಬರುತ್ತಿದ್ದ. ಮೌಕೆ ದ್ವೀಪದಲ್ಲಿ ಬೆಳೆದು, ತಾಯಿಯ ಕಡೆಯ ಜಮೀನಿನಲ್ಲಿ ಮನೆ ಕಟ್ಟಿಕೊಳ್ಳಲು ನಮ್ಮಲ್ಲಿಗೆ ಬಂದ ಗಾರೆ ಕೆಲಸದವನು. ತೆಂಗಿನಕಾಯಿ ಕೀಳಲು ಅವನು ಮರ ಹತ್ತುತ್ತಿರಲಿಲ್ಲ, ಮರಗಳೇ ಬಗ್ಗಿ ಕೊಡುತ್ತಿದ್ದವು. ಅಂಥ ಗಾತ್ರದ ಗಂಡಸು ಎದುರಿಗೆ ನಿಂತರೂ ಅವಳು ಸೀದಾ ಹೋಗಿ ಡಿಕ್ಕಿ ಹೊಡೆದಳು.

"ಕಣ್ಣು ಕಾಣಲ್ವಾ?" ಎಂದ ಕಾವೆ, ನಗುತ್ತಾ.

ಅಕಾಯಿತಿಯ ಮುಖ ಸುಣ್ಣದಂತೆ ಬಿಳಿಚಿಕೊಂಡಿತು.

'ಇವನಿಗೆ ಗೊತ್ತಾಗಿಬಿಡ್ತಾ…?'

ಏಕೆಂದರೆ ನಿಜವಾಗಿಯೂ ಕಾಣುತ್ತಿರಲಿಲ್ಲ. ವರ್ಷದಿಂದ ಅವಳ ದೃಷ್ಟಿ ಅಕ್ಕಪಕ್ಕದಿಂದ ಮುಚ್ಚಿಕೊಳ್ಳುತ್ತಾ ಬಂದಿತ್ತು. ಬಿದಿರಿನ ಕೊಳವೆಯೊಳಗಿಂದ ನೋಡಿದ ಹಾಗೆ, ನಡುವಿನ ಒಂದು ತುಣುಕು ಮಾತ್ರ ಉಳಿದಿತ್ತು. ಅವಳ ಅಜ್ಜಿಗೂ ಹೀಗೆಯೇ ಶುರುವಾಗಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ದಿನವೂ ಪಕ್ಕದಲ್ಲೇ ಕೂರುವ ನನಗೂ.

ಕಾವೆಯ ನಗು ಮಾತ್ರ ಅಲ್ಲಿಗೇ ನಿಂತಿತು. ಅವನು ಪಕ್ಕಕ್ಕೆ ಸರಿದು, ನಮ್ಮ ಕಡೆ ತಿರುಗಿ, ಗೋಡೆಗೆ ಹಾಕಲು ಒಂದು ಕೌದಿ ಬೇಕಿತ್ತು ಎಂದ.

ಹೊಲಿಗೆ ಮನೆಯಲ್ಲಿ ಹನ್ನೆರಡು ಸೂಜಿಗಳು ಒಟ್ಟಿಗೆ ನಿಂತವು.

"ಯಾರಪ್ಪಾ ತೀರಿಕೊಂಡ್ರು?" ಎಂದು ನಾನೇ ಕೇಳಿದೆ.

ಕೇಳಲೇಬೇಕಿತ್ತು. ನಮ್ಮಲ್ಲಿ ಕೌದಿ ಇರುವುದು ಪೆಟ್ಟಿಗೆಯೊಳಗೆ. ಮದುವೆಗೆ ಹೊರಗೆ ಬರುತ್ತದೆ, ಗಂಡುಮಗುವಿನ ಮೊದಲ ಕೂದಲು ತೆಗೆಯುವಾಗ ಕುರ್ಚಿಯ ಮೇಲೆ ಕೂರುತ್ತದೆ. ಆದರೆ ನಮ್ಮ ಟೆನುಯಿ ಊರಿನಲ್ಲಿ ಒಂದು ಮನೆಯ ಗೋಡೆಗೆ ಕೌದಿ ಏರಿತು ಎಂದರೆ, ಆ ಗೋಡೆಯ ಕೆಳಗೆ ಒಂದು ಹೆಣ ಮಲಗಿದೆ ಎಂದೇ ಅರ್ಥ. ಆಮೇಲೆ ಕೌದಿಯೂ ಅವರ ಜೊತೆ ಮಣ್ಣಿಗೆ ಹೋಗುತ್ತದೆ.

ಯಾರೂ ಸತ್ತಿಲ್ಲ, ಗೋಡೆ ಖಾಲಿ ಇದೆ ಅಷ್ಟೆ, ಬೆಳಿಗ್ಗೆ ಎದ್ದ ಕೂಡಲೇ ಅದು ನನ್ನನ್ನೇ ದಿಟ್ಟಿಸುತ್ತದೆ ಎಂದ ಕಾವೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ಅಕಾಯಿತಿ ಮಾತ್ರ ನಗಲಿಲ್ಲ.

"ಚರ್ಚಿನ ಕ್ಯಾಲೆಂಡರ್ ಹಾಕ್ಕೊಳ್ಳಿ. ವರ್ಷಕ್ಕೊಂದು ಹೊಸದು ಬರುತ್ತೆ," ಎಂದಳು.

ಇಷ್ಟಕ್ಕೆ ಬೇರೆ ಗಂಡಸಾಗಿದ್ದರೆ ಹೋಗಿಬಿಡುತ್ತಿದ್ದ. ಇವನು ಮುಂದಿನ ಮಂಗಳವಾರ ಮತ್ತೆ ಬಂದ. ಕೈಯಲ್ಲಿ ಚೌಕಟ್ಟು ಹಾಕಿದ ಒಂದು ಚಿತ್ರ: ಜಲಪಾತ, ಅದರ ಮುಂದೆ ಒಂದು ಬಿಳಿ ಕೊಕ್ಕರೆ. ಇಷ್ಟು ಚಂದ ಕತ್ತರಿಸುವವಳು ನೀನು, ನೀನೇ ಹೇಳು ಎಂದು ಅಕಾಯಿತಿಯ ಮುಂದೆ ಹಿಡಿದ. ಈ ಕೊಕ್ಕರೆ ಯಾವ ಊರಿನದು, ನಿನಗೇನಾಗಬೇಕು ಎಂದು ಅವಳು ಕೇಳಿದಳು. ಅದರ ಮುಂದಿನ ವಾರ ತಿಮಿಂಗಿಲವನ್ನೇ ನುಂಗುವಂಥ ಶಾರ್ಕ್ ದವಡೆ ತಂದ. ನೀನು ಊಟಕ್ಕೆ ಕೂತಾಗಲೆಲ್ಲ ಅದೂ ಬಾಯಿ ತೆರೆದುಕೊಂಡೇ ಇರುತ್ತದೆ, ಇಬ್ಬರಿಗೂ ಸಾಲುವಷ್ಟು ಬೇಯಿಸು ಎಂದಳು. ಪ್ರವಾಸಿಗರಿಗೆ ಮಾರುವ ಕೆತ್ತನೆಯ ಹುಟ್ಟು ತಂದ, ಅದನ್ನು ದೋಣಿಗೇ ವಾಪಸ್ ಕಳಿಸಿದಳು.

ತೀರಿಹೋದವರ ಫೋಟೋಗಳನ್ನು ಕವಡೆಸರ ಹಾಕಿ ಇಡುತ್ತಾರಲ್ಲ, ಎಲ್ಲರ ಮನೆಯಲ್ಲಿ ಇರುವಂತೆ, ಹಾಗೆ ಮಾಡು ಎಂದು ಒಮ್ಮೆ ನಾನು ಹೇಳಿದೆ.

ಕಾವೆ ತಲೆ ತಗ್ಗಿಸಿದ. ತಾಯಿ ಹೋದಾಗ ಅವನಿಗೆ ನಾಲ್ಕು ವರ್ಷ. ಫೋಟೋ ಇಲ್ಲ. ಅವಳು ಹೊಲಿದ ಹನ್ನೊಂದು ಕೌದಿಗಳೂ ಅವಳ ಜೊತೆಯೇ ಮಣ್ಣಿಗೆ ಹೋದವು. ಅದಕ್ಕೇ ಅವನಿಗೆ, ಬದುಕಿರುವಾಗಲೇ ಕಣ್ಣೆದುರಿಗೆ ಇರುವಂಥ ಒಂದು ಕೌದಿ ಬೇಕಿತ್ತು.

ಅಕಾಯಿತಿಯ ಕತ್ತರಿ ಆ ದಿನ ಮೊದಲ ಬಾರಿಗೆ ದಾರಿ ತಪ್ಪಿತು.

"ಚಂದ ಇದೆ ಅಂತ ಯಾವುದನ್ನೂ ಹಾಕಬೇಡ," ಎಂದಳು ಮೆಲ್ಲಗೆ. "ಮನೇಲಿ ಯಾರೂ ಇಲ್ಲದಾಗ ನಿನ್ನ ಜೊತೆ ಮಾತಾಡುವಂಥದ್ದು ಇದ್ರೆ ಅದನ್ನ ಹಾಕು."

"ನೀನಾಗಿದ್ರೆ ಏನು ಹಾಕ್ತಿದ್ದೆ?"

ಅವಳು ಅಜ್ಜಿಯ ವಿಷಯ ಹೇಳಿದಳು. ಅಜ್ಜಿಯ ಕಣ್ಣು ಹೋದ ಮೇಲೆ ಅಜ್ಜ ಹಡಗು ಹತ್ತಿ ಹೋದವನು ಮರಳಲಿಲ್ಲ. ಕುರುಡಿಗೆ ಯಾಕೆ ಎಂದು ಮನೆಯವರು ಗೋಡೆಯ ಮೇಲಿದ್ದುದನ್ನೆಲ್ಲ ಬೇರೆ ಕೋಣೆಗೆ ಸಾಗಿಸಿದರು. ಹನ್ನೆರಡು ವರ್ಷ ಅಜ್ಜಿ ಆ ಬರಿಗೋಡೆಗೆ ಮುಖ ಮಾಡಿ ಕೂತಿದ್ದಳು. ದಿನಕ್ಕೆ ನೂರು ಸಲ ಕೈ ಚಾಚಿ ಗೋಡೆ ತಡವುತ್ತಿದ್ದಳು… ಏನೂ ಸಿಗುತ್ತಿರಲಿಲ್ಲ.

'ನನ್ನ ಗೋಡೆಯೂ ಅದೇ…' ಎಂಬ ಮಾತನ್ನು ಅವಳು ನುಂಗಿಕೊಂಡಳು. ಕಾವೆ ಅವಳನ್ನೇ ನೋಡುತ್ತಿದ್ದ.

ಇಷ್ಟಾದ ಮೇಲೆ ಅವಳಿಗೆ ವಾರದಲ್ಲಿ ಒಂದೇ ದಿನ ಉಳಿಯಿತು, ಮಂಗಳವಾರ. ಸೋಮವಾರ ಸಂಜೆಯಿಂದಲೇ ತಲೆಗೂದಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಆ ಪರಿಮಳಕ್ಕೆ ನನ್ನ ಹಂದಿಗಳು ಕೂಡ ಪ್ರೀತಿಯಲ್ಲಿ ಬಿದ್ದವು. ಆದರೆ ಪ್ರೀತಿ ಹೆಚ್ಚಿದಷ್ಟೂ ಕಣ್ಣಿನ ಆ ಕೊಳವೆ ಸಣ್ಣದಾಗುತ್ತಿತ್ತು. ಒಂದು ಮಂಗಳವಾರ ಅವನ ಮುಖ ಪೂರ್ತಿ ಕಾಣಲಿಲ್ಲ. ಒಮ್ಮೆ ಕಣ್ಣು, ಒಮ್ಮೆ ಬಾಯಿ. ಜೋಡಿಸಿಕೊಳ್ಳಬೇಕಾಯಿತು.

ರಾರೊಟೊಂಗದ ಆಸ್ಪತ್ರೆಗೆ ನ್ಯೂಜಿಲೆಂಡಿನಿಂದ ಕಣ್ಣಿನ ಡಾಕ್ಟರು ಬರುತ್ತಾರೆ ಎಂದು ಸುದ್ದಿ ಬಂತು. ಹೊರಡುವ ಹಿಂದಿನ ದಿನ ಅಕಾಯಿತಿ ಒಂದು ಕೆಂಪು ಬಟ್ಟೆ ಮಡಿಚಿ, ಒಂದೇ ಉಸಿರಿಗೆ ಎಂಬಂತೆ, ದೀವಿಹಲಸಿನ ಎಲೆಗಳನ್ನು ಕತ್ತರಿಸಿದಳು. ಆಮೇಲೆ ಕತ್ತರಿಯನ್ನೂ ಬಟ್ಟೆಯನ್ನೂ ನನ್ನ ಮಡಿಲಿಗೆ ಹಾಕಿ, ದೊಡ್ಡಮ್ಮಾ, ಇದೇ ಕೊನೆಯದು, ಸುಟ್ಟರೂ ಸರಿ ಎಂದಳು. ಆಗ ಕಣ್ಣಿನ ವಿಷಯವನ್ನೂ ಹೇಳಿದಳು. ನಾನು ಸಮುದ್ರ ಉಕ್ಕುವಷ್ಟು ಅತ್ತೆ.

ಅಷ್ಟರಲ್ಲಿ ಕಾವೆ ಬಂದ. ಕೈಯಲ್ಲಿ ಏನೂ ಇರಲಿಲ್ಲ.

"ಇನ್ಮೇಲೆ ಬರಬೇಡ," ಎಂದಳು ಅಕಾಯಿತಿ.

"ಗೋಡೆ ಇನ್ನೂ ಖಾಲಿ ಇದೆ."

"ನಿನ್ನ ಗೋಡೆ ಕಟ್ಟಿಕೊಂಡು ನನಗೇನಾಗಬೇಕು? ಯಾವಳನ್ನಾದ್ರೂ ಮದುವೆಯಾಗು, ಅವಳು ಆರಿಸ್ತಾಳೆ."

ಅವನು ನನ್ನ ಮಡಿಲಲ್ಲಿದ್ದ ಕೆಂಪು ಬಟ್ಟೆಯನ್ನೊಮ್ಮೆ ನೋಡಿ ಹೊರಟುಹೋದ. 'ಒಳ್ಳೇದಾಯ್ತು… ಅಜ್ಜನ ಹಾಗೆ ಆಮೇಲೆ ಹೋಗುವುದಕ್ಕಿಂತ ಈಗಲೇ ಹೋಗಲಿ,' ಎಂದುಕೊಂಡಳು. ಅಂದುಕೊಂಡದ್ದನ್ನು ಅವಳ ಎದೆ ಒಂದಿಷ್ಟೂ ನಂಬಲಿಲ್ಲ.

ಡಾಕ್ಟರು ಬರುವುದು ತಡವಾಗಿ ಅವಳು ರಾರೊಟೊಂಗದಲ್ಲಿ ಐದು ವಾರ ಕಾದಳು. ಡಾಕ್ಟರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. ಆಪರೇಷನ್ ಇಲ್ಲ, ಮದ್ದು ಇಲ್ಲ. ಎರಡು ವರ್ಷ. ಅದೃಷ್ಟವಿದ್ದರೆ ಮೂರು.

ವಿಮಾನ ಇಳಿದು ಲಾರಿಯಲ್ಲಿ ಕೂತಾಗ ಬೆಳಗಿನ ಹನ್ನೊಂದು ಗಂಟೆ. ಲಾರಿ ಓಡಿಸುವ ಮುದುಕ ಹುಟ್ಟಿದಾಗಿನಿಂದ ನಾಲ್ಕೇ ಮಾತು ಆಡಿದವನು, ಅದರಲ್ಲಿ ಎರಡು ಮದುವೆಯ ದಿನ. ಲಾರಿ ಕಾವೆಯ ಮನೆಯ ಮುಂದೆ ಬಂತು. ನೋಡಬಾರದು ಎಂದುಕೊಂಡೇ ಅಕಾಯಿತಿ ನೋಡಿದಳು.

ಬಾಗಿಲು ತೆರೆದಿತ್ತು. ಎದುರು ಗೋಡೆಯ ತುಂಬ ಕೌದಿ.

ಬಿಳಿಯ ಮೇಲೆ ಕೆಂಪು. ದೀವಿಹಲಸಿನ ಎಲೆಗಳು… ಅವಳೇ ಕತ್ತರಿಸಿದ ಎಲೆಗಳು.

"ನಿಲ್ಸಿ," ಎಂದಳು. ಮುದುಕ ನಿಲ್ಲಿಸಿದ. ಆ ಮನೆಯಲ್ಲಿ ಯಾರು ಹೋದರು ಎಂದು ಕೇಳಿದಳು. ಅವನು ಭುಜ ಕುಣಿಸಿ, ಹೋಗಿ ನೋಡು ಎಂಬಂತೆ ಗಲ್ಲ ಎತ್ತಿದ.

'ಅವನ ಸಾವಿಗೆ ಬಟ್ಟೆ ಕತ್ತರಿಸಿದವಳು ನಾನೇ…'

ಅವಳು ಓಡಿದಳು. ಹೂಕುಂಡಕ್ಕೆ ಎಡವಿದಳು, ಮೆಟ್ಟಿಲು ತಪ್ಪಿ ಬಿದ್ದಳು, ಮೊಣಕಾಲಲ್ಲೇ ಒಳಗೆ ಹೋದಳು. ಗೋಡೆಯ ಕೆಳಗೆ ಚಾಪೆ. ಚಾಪೆಯ ಮೇಲೆ ಕಾವೆ, ಉದ್ದಕ್ಕೆ, ಕಣ್ಣು ಮುಚ್ಚಿ, ಸುಣ್ಣ ಮೆತ್ತಿದ ಕೈಗಳನ್ನು ಎದೆಯ ಮೇಲೆ ಇಟ್ಟುಕೊಂಡು.

ನಮ್ಮಲ್ಲಿ ಸತ್ತವರೊಂದಿಗೆ ಮಾತಾಡುವುದು ಹೆಂಗಸರ ಹಕ್ಕು. ಆ ಹೊತ್ತಿನಲ್ಲಿ ಹೇಳಬಾರದು ಎಂಬುದು ಯಾವುದೂ ಇಲ್ಲ. ಅಕಾಯಿತಿ ಅವನ ಎದೆಯ ಮೇಲೆ ಹಣೆ ಇಟ್ಟಳು, ಮೊದಲ ದಿನ ಬಡಿದ ಜಾಗದಲ್ಲೇ.

"ಬರಬೇಡ ಅಂದಿದ್ದು ಸುಳ್ಳು ಕಣೋ… ನನ್ನ ಕಣ್ಣು ಹೋಗ್ತಿದೆ. ಕುರುಡಿ ಕೈ ಹಿಡ್ಕೊಂಡು ಇವನು ಎಷ್ಟು ದಿನ ನಡೀತಾನೆ ಅಂತ ಹೆದರಿ ಓಡಿಸಿದೆ. ಮಂಗಳವಾರ ಯಾವಾಗ ಬರುತ್ತೆ ಅಂತ ವಾರವೆಲ್ಲ ಕಾಯ್ತಿದ್ದೆ. ನೀನು ತಂದಿದ್ದೆಲ್ಲ ಬೇಡ ಅಂದಿದ್ದು, ನೀನು ಮತ್ತೆ ಬರಲಿ ಅಂತ. ಆ ಕೊಕ್ಕರೆ ಚಿತ್ರಾನೂ ಚೆನ್ನಾಗೇ ಇತ್ತು…"

"ಕೊಕ್ಕರೆ ಚೆನ್ನಾಗಿರಲಿಲ್ಲ," ಎಂದಿತು ಹೆಣ.

ಅವಳು ತಟ್ಟನೆ ತಲೆ ಎತ್ತಿದಳು.

"ಮುಂದೆ ಹೇಳು," ಎಂದ ಕಾವೆ, ಕಣ್ಣು ಬಿಡದೆ. "ಬೇಕಾದ್ರೆ ಇನ್ನೂ ಸ್ವಲ್ಪ ಹೊತ್ತು ಸತ್ತಿರ್ತೀನಿ."

ಅವತ್ತು ಅವನಿಗೆ ಬಿದ್ದ ಏಟುಗಳನ್ನು ನಾನು ಎಣಿಸಿದ್ದೇನೆ, ಕಿಟಕಿಯ ಹೊರಗೇ ಇದ್ದೆ. ಒಂಬೈನೂರಕ್ಕೆ ಲೆಕ್ಕ ಬಿಟ್ಟೆ. ಮೂರು ದಿನ ನಿದ್ದೆಗೆಟ್ಟು ಕೌದಿ ಮುಗಿಸಿ, ಆಗಷ್ಟೇ ಗೋಡೆಗೆ ಮೊಳೆ ಹೊಡೆದು ಹಾಕಿ, ಅದರ ಕೆಳಗೇ ನಿದ್ದೆಹೋದವನು ಅವನು, ಅವಳ ಹಣೆ ತಾಗಿದಾಗಲೇ ಎಚ್ಚರವಾದದ್ದು. ಕೌದಿಯ ಕೆಳಗೆ ಮಲಗಿದರೆ ನೋಡಿದವರು ಏನೆಂದುಕೊಳ್ಳುತ್ತಾರೆ ಎಂಬುದು ಆ ಪೆದ್ದನಿಗೆ ಹೊಳೆದಿರಲಿಲ್ಲ. ನನಗೆ ಹೊಳೆದಿತ್ತು. ಹೇಳಲಿಲ್ಲ.

ಏಟು ನಿಂತ ಮೇಲೆ ಅಕಾಯಿತಿ ಗೋಡೆಗೆ ಬೆನ್ನು ಕೊಟ್ಟು ಕೂತಳು.

"ಎಲ್ಲ ಕೇಳಿಸಿಕೊಂಡೆಯಲ್ಲ," ಎಂದಳು. "ಎರಡು ವರ್ಷ ಅಂದ್ರು. ಆಮೇಲೆ ಏನೂ ಇಲ್ಲ ಕಾವೆ. ನೀನು ಏನು ಹಾಕಿದ್ರೂ ನನಗೆ ಅದು ಖಾಲಿ ಗೋಡೆ."

"ನನಗೆ ಮೊದಲ ದಿನವೇ ಗೊತ್ತಾಯ್ತು. ಕಣ್ಣು ಕಾಣಲ್ವಾ ಅಂದಾಗ ನಿನ್ನ ಮುಖ ನೋಡಿದೆನಲ್ಲ. ಆ ಮಾತು ಹೇಗಾದ್ರೂ ವಾಪಸ್ ತಗೋಬೇಕಿತ್ತು." ಅವನು ಅವಳ ಬಲಗೈ ಹಿಡಿದುಕೊಂಡ. "ಕಣ್ಣು ಮುಚ್ಚು."

ಕೈಯನ್ನು ಗೋಡೆಗೆ ಒಯ್ದ.

ಅವಳ ಬೆರಳಿಗೆ ಒಂದು ಎಲೆಯ ಅಂಚು ಸಿಕ್ಕಿತು. ಅಂಚಿನಿಂದ ನಡುವಿನ ನಾಳ. ತೆಂಗಿನ ನಾರನ್ನು ಹುರಿಮಾಡಿ, ನಾಳಗಳನ್ನೆಲ್ಲ ಉಬ್ಬಿ ನಿಲ್ಲುವಂತೆ ಹೊಲಿದಿತ್ತು. ಹೆಂಗಸರ ಹೊಲಿಗೆಯಲ್ಲ ಅದು, ಮೀನಿನ ಬಲೆ ಹೆಣೆದಂಥ ಹೊಲಿಗೆ. ಬಟ್ಟೆಯನ್ನು ನಾವು ಕೂರಿಸಿಕೊಟ್ಟಿದ್ದೆವು, ನಾಳಗಳೆಲ್ಲ ಅವನವು. ಅವನಿಗೆ ಸೂಜಿ ಹಿಡಿಯಲು ಕಲಿಸಿದ್ದು ನಾನೇ, ಮುರಿದ ಸೂಜಿಗಳು ನಾಲ್ಕು ಸಾವಿರ. ಒಂದು ಎಲೆಯಿಂದ ಇನ್ನೊಂದು ಎಲೆಗೆ, ಆ ಮೂಲೆಯಿಂದ ಈ ಮೂಲೆಗೆ, ಬೆರಳು ನಿಲ್ಲದೆ ಹೋಗುವಂತೆ ದಾರಿ.

ಅಕಾಯಿತಿ ಕಣ್ಣು ಮುಚ್ಚಿಕೊಂಡೇ ಗೋಡೆಯುದ್ದಕ್ಕೂ ನಡೆದಳು. ಕಣ್ಣೀರು ಸುರಿಯುತ್ತಲೇ ಇತ್ತು. ಎರಡು ವರ್ಷ ಎರಡೇ ವರ್ಷವಾಗಿ ಉಳಿದಿತ್ತು, ಅದರಲ್ಲಿ ಒಂದು ದಿನವೂ ಹೆಚ್ಚಾಗಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಕೊನೆಯ ಎಲೆಯ ಮೇಲೆ ಅವಳ ಬೆರಳು ನಿಂತಿತು.

"ಇಲ್ಲಿ ತಪ್ಪಾಗಿದೆ. ನಾಳ ಸೊಟ್ಟ ಹೋಗಿದೆ."

"ಅಲ್ಲಿ ನಿದ್ದೆ ಬಂದಿತ್ತು. ಬಿಚ್ಚಿ ಹಾಕ್ಲಾ?"

ಅವಳು ಆ ಸೊಟ್ಟ ಹೊಲಿಗೆಯನ್ನು ಮತ್ತೊಮ್ಮೆ ಸವರಿದಳು.

"ಇದರ ಪಕ್ಕ ಏನಿದೆ?"

"ಹಿತ್ತಲ ಬಾಗಿಲು. ನಾನು ಕೆಲಸದಿಂದ ಬರೋ ಬಾಗಿಲು."

"ಹಾಗಾದ್ರೆ ಬಿಚ್ಚಬೇಡ," ಎಂದಳು. "ನೀನು ಬರೋ ಹೊತ್ತಿಗೆ ಇಲ್ಲೇ ನಿಂತಿರ್ತೀನಿ."