ಮೂರನೇ ಶೆಡ್ಡಿನ ಅಮೆರಿಕನ್ ಮಷೀನು

ಹನ್ನೆರಡು ಜನ ಕೆಲಸಗಾರರ ಎದುರಿಗೆ ಜಯದೇವಿ ಅಂಜಿನಯ್ಯನ ಕೆನ್ನೆಗೆ ಹೊಡೆದಳು.

ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಆ ಕಾರ್ಖಾನೆಯಲ್ಲಿ ಅವಳು ಟೈಪಿಸ್ಟ್. ಅವನು ಪಕ್ಕದ ಮಾರೇನಹಳ್ಳಿಯವನು, ಅಮೆರಿಕದಿಂದ ತರಿಸಿದ, ಉಕ್ಕನ್ನು ಉಜ್ಜಿ ನುಣುಪು ಮಾಡುವ ಗ್ರೈಂಡಿಂಗ್ ಮಷೀನಿನ ಆಪರೇಟರ್. ಒಂದು ವರ್ಷದಿಂದ ಇಬ್ಬರ ನಡುವೆ ಓಡಾಡಿದ್ದು ಬರೀ ಕಣ್ಣುಗಳು. ಅವಳು ಮೂರನೇ ಶೆಡ್ಡಿಗೆ ಬಂದರೆ ಅವನ ಕೈ ನಿಧಾನವಾಗುತ್ತಿತ್ತು. ಅವನು ತಲೆಯೆತ್ತಿದರೆ ಅವಳು ಓದುತ್ತಿದ್ದ ಸಾಲು ತಪ್ಪಿಹೋಗುತ್ತಿತ್ತು. ಅಂಥವನು ಇವತ್ತು ಸ್ಪ್ಯಾನರ್ ಹಿಡಿದು, ಮಷೀನನ್ನು ನೆಲಕ್ಕೆ ಬಿಗಿದ ಬೋಲ್ಟುಗಳನ್ನು ಬಿಚ್ಚುತ್ತಿದ್ದ.

"ಯಾರಿಗೆ ಮಾರ್ತಿದೀರಿ?"

ಅಂಜಿನಯ್ಯ ಕೆನ್ನೆ ಮುಟ್ಟಿಕೊಳ್ಳಲಿಲ್ಲ. "ಸರ್ವಿಸ್‌ಗೆ ಕಳಿಸ್ಬೇಕು ಅಂದ್ರು ನಂಜುಂಡಪ್ಪನೋರು. ನಾಳಿದ್ದು ಭಾನುವಾರ ಲಾರಿ ಬರುತ್ತಂತೆ. ನಿಮಗೆ ಹೇಳಿಲ್ವಾ?"

ನಂಜುಂಡಪ್ಪ ಮಾಲೀಕರ ಭಾಮೈದ. ಜಯದೇವಿಯ ಮುಖ ಬಿಳುಚಿಕೊಂಡಿತು.

"ಸರ್ವಿಸ್ ಏನೂ ಇಲ್ಲ, ಇದ್ದಿದ್ರೆ ಲೆಟರ್ ನಾನೇ ಟೈಪ್ ಮಾಡ್ತಿದ್ದೆ. ಆ ಮನುಷ್ಯ ಇದನ್ನ ಕದ್ದು ಮಾರ್ತಿದಾನೆ. ಇದು ಇಲ್ಲಿಂದ ಆಚೆ ಹೋಗ್ಬೇಕಾದ್ರೆ ಅಮೆರಿಕ ಸರ್ಕಾರದ ಪರ್ಮಿಷನ್ ಬೇಕು. ಬಾಂಬ್ ಗೀಂಬ್ ಮಾಡೋರ ಕೈಗೆ ಸಿಗಬಾರ್ದು ಅಂತ ಅವರ ರೂಲು. ಯಾರಿಗೂ ಕೊಡಲ್ಲ ಅಂತ ಬರೆದುಕೊಟ್ಟ ಮೇಲೇನೇ ಹಡಗು ಹತ್ತಿಸಿದ್ದು."

"ಸೈನ್ ಯಾರ್ದು?"

"ಮಾಲೀಕರದ್ದು. ಕೆಳಗೆ, ರೆಕಾರ್ಡಿಗೆ ಜವಾಬ್ದಾರಿ ಅನ್ನೋ ಕಡೆ, ನಂದು. ಇದು ಕಾಣೆಯಾದ್ರೆ ಮೊದಲ ಕೇಸು ನನ್ನ ಮೇಲೆ."

ಅಂಜಿನಯ್ಯ ಮತ್ತೆ ಕುಕ್ಕರುಗಾಲಲ್ಲಿ ಕೂತು, ಬಿಚ್ಚಿದ ಬೋಲ್ಟುಗಳನ್ನೆಲ್ಲ ಬಿಗಿದ. ಎದ್ದು ನಿಂತಾಗ ಅವಳ ಕೆಂಪಾದ ಅಂಗೈ ನೋಡಿದ.

"ಕೈ ನೋಯ್ತಾ?"

"ಗಡ್ಡ ಬೋಳಿಸ್ಕೊಂಡು ಬನ್ನಿ ನಾಳೆಯಿಂದ," ಎಂದು ಅವಳು ತಿರುಗಿಕೊಂಡಳು. ತುಟಿಯ ಮೇಲೆ ಬಂದ ನಗು ಅವನಿಗೆ ಕಾಣಿಸಬಾರದಾಗಿತ್ತು. ಕಾಣಿಸಿತು.

ಮಾಲೀಕ ರೇವಣಸಿದ್ದಪ್ಪನವರು ಮದುವೆಗೆಂದು ದಾವಣಗೆರೆಗೆ ಹೋಗಿದ್ದರು. ಅವಳು ಟ್ರಂಕ್ ಕಾಲ್ ಮಾಡಿದಾಗ, "ಸೋಮವಾರ ಬೆಳಿಗ್ಗೆ ಬರ್ತೀನಿ, ಅಲ್ಲೀವರೆಗೆ ಅಲುಗಾಡಿಸ್ಬೇಡಿ," ಎಂದರು. ಅಂಜಿನಯ್ಯ ಶನಿವಾರದಿಂದ ಶೆಡ್ಡು ಬಿಟ್ಟು ಕದಲಲಿಲ್ಲ.

ಭಾನುವಾರ ಮಧ್ಯಾಹ್ನ ಜಯದೇವಿ ಅವನಿಗೆ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ಬಂದಳು. ಅವನು ಮೊದಲ ತುತ್ತು ಬಾಯಿಗಿಟ್ಟಿದ್ದಷ್ಟೇ, ಗೇಟಿಗೆ ಲಾರಿ ಗುದ್ದಿತು.

ನಂಜುಂಡಪ್ಪನ ಜೊತೆ ನಾಲ್ವರಿದ್ದರು. ಸೈಕಲ್ ಚೈನು, ಕಬ್ಬಿಣದ ರಾಡು. ಮಾತಿಗೆ ಯಾರೂ ಕಾಯಲಿಲ್ಲ. ಅಂಜಿನಯ್ಯ ಸ್ಪ್ಯಾನರ್ ಬೀಸಿ ಒಬ್ಬನ ಮಂಡಿ ಒಡೆದ. ಅಷ್ಟರಲ್ಲಿ ಚೈನು ಅವನ ಬೆನ್ನಿಗೆ ಬಿತ್ತು. ಅಂಗಿಯ ಜೊತೆ ಚರ್ಮವೂ ಕಿತ್ತುಬಂತು. ಅವನು ಮಷೀನನ್ನು ತಬ್ಬಿಕೊಂಡು ನಿಂತ. ಎಳೆದರು, ಒದ್ದರು, ಬಿಡಲಿಲ್ಲ.

"ಕೈ ಜಜ್ಜಿ, ಬಿಡ್ತಾನೆ," ಎಂದ ನಂಜುಂಡಪ್ಪ.

ಒಬ್ಬ ಅವನ ಬಲಗೈಯನ್ನು ಮಷೀನಿನ ಉಕ್ಕಿನ ಹಾಸಿನ ಮೇಲೆ ಒತ್ತಿಹಿಡಿದ. ಇನ್ನೊಬ್ಬ ರಾಡು ಎತ್ತಿ ಇಳಿಸಿದ. ಬೆರಳುಗಳ ಮೂಳೆ ಪುಡಿಯಾದ ಸದ್ದು ಜಯದೇವಿಗೆ ಕೇಳಿಸಿತು.

ಅವಳು ನೆಲದಲ್ಲಿ ಬಿದ್ದಿದ್ದ ಉಕ್ಕಿನ ಪುಡಿ ಬಾಚಿ ನಂಜುಂಡಪ್ಪನ ಕಣ್ಣಿಗೆ ಎರಚಿದಳು. ಮೂಲೆಯಲ್ಲಿದ್ದ ಸಲಾಕೆ ತೆಗೆದು ಅವನ ಹೆಗಲಿಗೆ ಹೊಡೆದಳು. ಅವನು ಬಿದ್ದ ಮೇಲೂ ಹೊಡೆದಳು. ಮೂರನೇ ಸಲ ಎತ್ತಿದಾಗ ಅವಳಿಗೆ ಭಯವಾಯಿತು, ಅವನದ್ದಲ್ಲ, ತನ್ನದೇ. ಗಲಾಟೆ ಕೇಳಿ ಪಕ್ಕದ ಶೆಡ್ಡಿನವರು ಓಡಿಬಂದರು. ಹೊಡೆಯಲು ಬಂದವರು ಕಾಲ್ಕಿತ್ತರು, ನಂಜುಂಡಪ್ಪ ಸಿಕ್ಕಿಬಿದ್ದ. ಲಾರಿ ಡ್ರೈವರ್ ಎಲ್ಲರಿಗಿಂತ ಮೊದಲು ಓಡಿದ್ದ.

ಆಸ್ಪತ್ರೆಯಲ್ಲಿ ಅಂಜಿನಯ್ಯನ ಎರಡು ಬೆರಳು ತೆಗೆದರು. ಜಯದೇವಿ ದಿನವೂ ಹೋಗಿ ಕೂರುತ್ತಿದ್ದಳು. ಐದನೇ ದಿನ ಅವಳ ಅಣ್ಣ ಪಂಚಾಕ್ಷರಿ ವಾರ್ಡಿಗೇ ಬಂದು, ಜಡೆ ಹಿಡಿದು ಎಳೆದುಕೊಂಡು ಹೋದ. "ನಮ್ಮ ಜಾತಿ ಯಾವ್ದು, ಅವನ ಜಾತಿ ಯಾವ್ದು? ಮಾರೇನಹಳ್ಳಿ ಗೌಡನ ಪಕ್ಕ ಕೂರ್ತೀಯಾ?" ಮನೆಯಲ್ಲಿ ಅವನು ಹೊಡೆದ ಏಟಿಗೆ ಅವಳ ತುಟಿ ಸೀಳಿತು.

ಮರುದಿನ ಸೀಳಿದ ತುಟಿಯಲ್ಲೇ ಬಂದವಳನ್ನು ಕಂಡು ಅಂಜಿನಯ್ಯ ಹಾಸಿಗೆಯಿಂದ ಎದ್ದುಬಿಟ್ಟ. ಬ್ಯಾಂಡೇಜಿನಲ್ಲಿ ರಕ್ತ ಜಿನುಗಿತು. ಆಮೇಲೆ ಗೋಡೆ ಕಡೆ ಮುಖ ಮಾಡಿದ.

"ಇನ್ಮೇಲೆ ಬರ್ಬೇಡಿ."

"ಬೆರಳು ಹೋಯ್ತು ಅಂತ ನನ್ನ ಮೇಲೆ ಸಿಟ್ಟಾ?"

ತನ್ನಿಂದಾಗಿ ಅವಳು ಇನ್ನೊಂದು ಏಟು ತಿನ್ನಬಾರದು ಅನ್ನುವುದನ್ನು ಹೇಗೆ ಹೇಳುವುದೆಂದು ಅವನಿಗೆ ಗೊತ್ತಾಗಲಿಲ್ಲ. ಎರಡು ತಿಂಗಳ ಮೇಲೆ ಕಾರ್ಖಾನೆಗೆ ಮರಳಿ ಸ್ಟೋರಿನ ಕೆಲಸಕ್ಕೆ ಸೇರಿದವನು ಅವಳು ಎದುರಾದರೆ ದಾರಿ ಬದಲಿಸುತ್ತಿದ್ದ.

ನಡೆದದ್ದನ್ನೆಲ್ಲ ಜಯದೇವಿ ಅಮೆರಿಕದವರ ಮದ್ರಾಸ್ ಆಫೀಸಿಗೆ ಬರೆದಿದ್ದಳು. "ಬರೀಬೇಕಾ ಇದನ್ನ?" ಎಂದು ಅಳುಕುತ್ತಲೇ ಮಾಲೀಕರು ಸಹಿ ಹಾಕಿದ್ದರು. ನವೆಂಬರಿನಲ್ಲಿ ಅಲ್ಲಿಂದ ಒಬ್ಬ ಅಧಿಕಾರಿ ತಪಾಸಣೆಗೆ ಬಂದ. ಎತ್ತರದ ಬಿಳಿಯ, ಕನ್ನಡ ಬಾರದು. ಮಷೀನಿನ ನಂಬರ್ ಸರಿಯಿತ್ತು, ಜಾಗ ಸರಿಯಿತ್ತು. ಹಾಸಿನ ಮೇಲೆ ರಾಡು ಬಿದ್ದು ಆಗಿದ್ದ ತಗ್ಗನ್ನು ಬೆರಳಿನಿಂದ ಮುಟ್ಟಿ ನೋಡಿ, ಇಲ್ಲಿ ಪೆಟ್ಟು ತಿಂದವರನ್ನು ಕರೆಸಿ ಎಂದ.

"ನೀವ್ಯಾಕೆ ಓಡಿಹೋಗ್ಲಿಲ್ಲ ಅಂತ ಕೇಳ್ತಿದಾರೆ," ಬಂದು ನಿಂತ ಅಂಜಿನಯ್ಯನಿಗೆ ಜಯದೇವಿ ಕನ್ನಡದಲ್ಲಿ ಹೇಳಿದಳು. ಆಸ್ಪತ್ರೆಯ ಆ ದಿನದಿಂದೀಚೆಗೆ ಅವನಿಗೆ ಅವಳಾಡಿದ ಮೊದಲ ಮಾತು ಅದು.

ಅಂಜಿನಯ್ಯ ನೆಲ ನೋಡಿದ. "ಮಷೀನಿಗೋಸ್ಕರ ಅಲ್ಲ. ಅದು ಹೋಗಿದ್ರೆ ಪೊಲೀಸ್ನೋರು ನಿಮ್ಮನ್ನ ಕರ್ಕೊಂಡು ಹೋಗ್ತಿದ್ರು. ಆಮೇಲೆ ನಾನು ಯಾತಕ್ಕೆ ಬದುಕ್ಬೇಕಿತ್ತು?" ತಕ್ಷಣ ಗಾಬರಿಯಾಗಿ ಸೇರಿಸಿದ, "ಅವರಿಗೆ ಬೇರೆ ಏನಾದ್ರೂ ಹೇಳಿ. ಕಂಪನಿ ಮೇಲಿನ ನಿಯತ್ತು ಅನ್ನಿ."

ಜಯದೇವಿ ಅಧಿಕಾರಿಯ ಕಡೆ ತಿರುಗಿದಳು. ಮುಖ ಕಿವಿಯವರೆಗೂ ಕೆಂಪಾಗಿತ್ತು. ಅಂಜಿನಯ್ಯ ಹೇಳಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಒಂದಕ್ಷರ ಬಿಡದೆ ಹೇಳಿದಳು. ರೇವಣಸಿದ್ದಪ್ಪನವರು ಕೆಮ್ಮಿದರು. ಅಧಿಕಾರಿ ಪೆನ್ನು ಎತ್ತಿಕೊಂಡೇ ಕಾದ. ಇದನ್ನೂ ಬರೆಯಲೇ ಎಂದು ಕೇಳಿದ. ಅವಳು ಹೌದೆಂದು ತಲೆಯಾಡಿಸಿ ಇನ್ನೊಂದು ವಾಕ್ಯ ಸೇರಿಸಿದಳು. ಅವನು ನಕ್ಕು, ಪೆನ್ನು ಬಿಟ್ಟು, ಅಂಜಿನಯ್ಯನ ಎಡಗೈ ಕುಲುಕಿದ.

ಅಂಜಿನಯ್ಯನಿಗೆ ಏನೂ ಅರ್ಥವಾಗಲಿಲ್ಲ. "ಏನು ಹೇಳಿದ್ರಿ?"

"ನೀವು ಹೇಳಿದ್ದನ್ನೇ."

"ಕೊನೇಲಿ ಇನ್ನೊಂದೇನೋ ಹೇಳಿದ್ರಲ್ಲ?"

"ಇವರನ್ನ ಮದುವೆ ಆಗ್ತೀನಿ ಅಂದೆ."

ಅವನು ಅವಳ ತುಟಿಯ ಮೇಲಿನ ಕಲೆ ನೋಡಿದ. "ನಿಮ್ಮಣ್ಣ?" ಎಂದ.

"ಆ ಮನೆಗೆ ಇವತ್ತು ನಾನು ಹೋಗಲ್ಲ. ನಿಮ್ಮಮ್ಮನ ಹತ್ರ ಕರ್ಕೊಂಡು ಹೋಗಿ. ನಾನೇ ಮಾತಾಡ್ತೀನಿ."

ಐದು ಗಂಟೆಯ ಸೈರನ್ ಆಯಿತು. ಎಸ್ಟೇಟಿನ ಗೇಟಿನಲ್ಲಿ ಜನ ತುಂಬಿದ್ದರು. ಎಲ್ಲರೂ ನೋಡುತ್ತಿದ್ದಂತೆ ಜಯದೇವಿ ಅವನ ಬಲಗೈಯನ್ನು ಹಿಡಿದುಕೊಂಡು ಮಾರೇನಹಳ್ಳಿಯ ದಾರಿ ಹಿಡಿದಳು.