ಪಿನ್ನು ಹಾಕಿದ ಚಪ್ಪಲಿ

ದೆವ್ವ ಗಿವ್ವ ನಂಬುವವಳಲ್ಲ ನಾನು. ಆದದ್ದನ್ನು ಆದ ಹಾಗೆ ಹೇಳುತ್ತೇನೆ, ಅಷ್ಟೇ.

ದಡದ ಕೋಟೆಗಳನ್ನೆಲ್ಲ ಸುತ್ತಿ, ಮಧ್ಯಾಹ್ನ ಒಬ್ಬಳೇ ದೋಣಿ ಹತ್ತಿ ದ್ವೀಪಕ್ಕೆ ಹೋದೆ. ಅಲ್ಲಿರುವುದು ಒಂದು ದೀಪಸ್ತಂಭ, ಅದನ್ನು ಕಾಯುವ ಒಬ್ಬ ಅಜ್ಜ.

"ಚಪ್ಪಲಿ ಇಲ್ಲೇ ಬಿಡಮ್ಮ. ನನ್ನ ಮಂಡಿಗೆ ಮೆಟ್ಟಿಲು ಆಗಲ್ಲ. ಬಾಗಿಲಲ್ಲಿ ಚಪ್ಪಲಿ ಇದ್ದರೆ ಮೇಲೆ ಜನ ಇದ್ದಾರೆ ಅಂತ, ಬೀಗ ಹಾಕದೆ ಕಾಯ್ತೀನಿ."

ಅಲ್ಲಿ ಆಗಲೇ ಇನ್ನೊಂದು ಜೊತೆ ಇತ್ತು. ನನ್ನದರ ಹಾಗೇ ಕಪ್ಪು ರಬ್ಬರಿನದು, ಒದ್ದೆ.

ಮೇಲೆ ಯಾರೂ ಇರಲಿಲ್ಲ. ಸುಡು ಬಿಸಿಲಲ್ಲೂ ಕಂಬಿ ಮಂಜಿನಂತೆ ತಣ್ಣಗಿತ್ತು. ಇಳಿಯುವಾಗ ನನ್ನ ಹಿಂದೆಯೇ ಒದ್ದೆ ಪಾದದ ಸದ್ದು. ನಾನು ನಿಂತರೆ ಅದೂ ನಿಲ್ಲುತ್ತಿತ್ತು. ಎದ್ದೆನೋ ಬಿದ್ದೆನೋ ಅಂತ ಇಳಿದು, ಚಪ್ಪಲಿಗೆ ಕಾಲು ತೂರಿಸಿ, ಅಜ್ಜನಿಗೂ ಹೇಳದೆ ದೋಣಿಗೆ ಓಡಿದೆ.

ನಡುನೀರಿನಲ್ಲಿ ಕಾಲು ನೋಡಿಕೊಂಡೆ. ನನ್ನ ಚಪ್ಪಲಿಯ ಪಟ್ಟಿ ಕಿತ್ತುಹೋಗಿದ್ದಕ್ಕೆ ಪಿನ್ನು ಹಾಕಿದ್ದೆ. ಇದರಲ್ಲಿ ಪಿನ್ನಿರಲಿಲ್ಲ. ಒದ್ದೆಯಾಗಿದ್ದರೂ ಒಳಗೆ ಈಗಷ್ಟೇ ಯಾರೋ ಕಳಚಿಟ್ಟಂತೆ ಬೆಚ್ಚಗಿತ್ತು.

ಅಷ್ಟರಲ್ಲಿ ದೋಣಿಯವನಿಗೆ ಫೋನು ಬಂತು. ಅಜ್ಜನ ದನಿ ನನಗೂ ಕೇಳಿಸಿತು. "ಆ ಅಮ್ಮನ್ನ ಬಿಟ್ಟು ಹೋದ್ಯಲ್ಲೋ. ಅವರ ಪಿನ್ನು ಹಾಕಿದ ಚಪ್ಪಲಿ ಇಲ್ಲೇ ಇದೆ."

"ಇಲ್ಲಜ್ಜ, ನನ್ನೆದುರಿಗೇ ಕೂತಿದ್ದಾರೆ."

ಅಜ್ಜ ದನಿ ತಗ್ಗಿಸಿ ಕೇಳಿದ. "ಮತ್ತೆ ಈಗ ಕೂಗಿದ್ದಕ್ಕೆ ಮೇಲಿಂದ 'ಬಂದೆ ಅಜ್ಜ' ಅಂದರಲ್ಲ. ಅವರದೇ ದನಿ."

ಇದಾಗಿ ಆರು ವರ್ಷ. ಮೊನ್ನೆ ವಿಚಾರಿಸಿದೆ. ಅಜ್ಜ ಆ ಬಾಗಿಲಿಗೆ ಇನ್ನೂ ಬೀಗ ಹಾಕಿಲ್ಲವಂತೆ.