ಪಂಢರಿ ಸ್ಟುಡಿಯೋದ ಪಟ್ಟೆ ಆಕಾಶ

ಎರಡು ಸಾವಿರದ ಮೂರರ ಬರಗಾಲ. ಔರಾದ ಕಡೆಯ ಬಸ್ಸುಗಳ ತುಂಬ ಹೈದರಾಬಾದಿಗೆ ಕೂಲಿ ಹೊರಟವರು. ಅಂಥದರಲ್ಲಿ ಒಂದು ಸೋಮವಾರ, ಬೀದರಿನ ಪಂಢರಿ ಸ್ಟುಡಿಯೋದ ಕಂಪ್ಯೂಟರಿನಲ್ಲಿ ತೆರೆದ ಮದುವೆ ಫೋಟೋದಲ್ಲಿ ಮದುಮಗಳ ಹಿಂದಿನ ಆಕಾಶ ಪಟ್ಟೆ ಪಟ್ಟೆಯಾಗಿ ಕಂಡಿತು.

“ಹೊಸ ಮಾನಿಟರ್ ಮಾರ್ಕೊಂಡು ಹಳೇದು ಇಟ್ಟಾಳ, ಭಾವ!” ಎಂದು ಮಾಲೀಕ ಪಂಢರಿ ಕೂಗಾಡಿದ. ಅವನು ಹೇಳಿದ್ದು ಫೋಟೋ ತಿದ್ದುವ ಮರಿಯಮಬೀಯನ್ನು.

“ನಿನ್ನೆ ಐತವಾರ ನಾನ ಕೂತು ಕಾರಿನ ಆಟ ಆಡೀನಿ, ಚಂದಿತ್ತು. ಮುಂಜಾನಿ ಬಾಗಿಲಾ ತಗದಾಕಿ ಆಕಿನ!” ಎಂದ ಭಾವ ನರಸಿಂಗ.

ನರಸಿಂಗ ಪತ್ತೇದಾರ ಶಿವರಾಜಪ್ಪನವರ ಜೊತೆ ವರ್ಷಗಟ್ಟಲೆ ತಿರುಗಿದವನಲ್ಲವೇ! ಅವರನ್ನು ಒಂದು ಮಾತು ಕೇಳದೆ ಮರಿಯಮಬೀಯ ಮನೆಗೆ ನುಗ್ಗಿ, ಮಾನಿಟರ್ ಮಾರಿದ ದುಡ್ಡು ಹುಡುಕುತ್ತ ಓಣಿ ಮಂದಿಯ ಎದುರು ಟ್ರಂಕನ್ನು ಅಂಗಳಕ್ಕೆ ಸುರುವಿದ. ಬಿದ್ದದ್ದು ಬರೀ ಬಟ್ಟೆ.

ಮಧ್ಯಾಹ್ನ ಸುದ್ದಿ ತಿಳಿದ ಶಿವರಾಜಪ್ಪ ಎಲ್ಲರನ್ನೂ ಸ್ಟುಡಿಯೋಗೆ ಕರೆಸಿದರು.

“ಕಳ್ಳಿ ಅಂದಮ್ಯಾಲ ಈ ಊರಾಗ ಯಾರ್ ಕೆಲಸ ಕೊಡ್ತಾರ್ರಿ?” ಎಂದಳು ಮರಿಯಮಬೀ. “ಮಕ್ಕಳ ಸಾಲಿ ಬಿಡಿಸಿ, ಗಂಡನ ಹಿಂದ ನಾನೂ ಹೈದರಾಬಾದಿಗೆ ಇಟ್ಟಂಗಿ ಹೊರಲಿಕ್ಕ ಹೋಗ್ತೇನ್ರಿ.”

ಶಿವರಾಜಪ್ಪ ಕಂಪ್ಯೂಟರಿನಲ್ಲಿ ಖಾಲಿ ಹಾಳೆ ತೆರೆದು ಕಪ್ಪಿನಿಂದ ಬಿಳಿಗೆ ಬಣ್ಣ ಹರಿಸಿದರು. ಅದು ಮೆಟ್ಟಿಲು ಮೆಟ್ಟಿಲಾಗಿ ನಿಂತಿತು. ಅದೇ ಮಾನಿಟರನ್ನು ಪಕ್ಕದ ಕಂಪ್ಯೂಟರಿಗೆ ಜೋಡಿಸಿ ಮತ್ತೆ ಹರಿಸಿದರು. ಈಗ ಕಪ್ಪು ನಯವಾಗಿ ಬಿಳಿಗೆ ಸರಿಯಿತು.

“ಮಾನಿಟರ್ ನೆಟ್ಟಗದ, ಪಂಢರಿ. ಪಟ್ಟಿ ಬರೋದು ನಿನ್ನ ಕಂಪ್ಯೂಟರಿನಿಂದ. ನೋಡು, ಲಕ್ಷಗಟ್ಟಲೆ ಬಣ್ಣ ತೋರಿಸೋದು ಬಿಟ್ಟು ಬರೀ ಇನ್ನೂರೈವತ್ತಾರಕ್ಕ ಇಳಿಸ್ಯಾರ.”

ಅವರು ಬಣ್ಣಗಳನ್ನು ಮೊದಲಿನಂತೆ ಏರಿಸಿ ಕಾರಿನ ಆಟ ತೆರೆದರು. ಬಣ್ಣ ಇಳಿಸದೆ ಶುರುವಾಗುವುದಿಲ್ಲ ಎಂದಿತು ಆಟ.

“ಆಡಿದವರು ಇಳಿಸ್ಯಾರ, ವಾಪಸ್ ಏರಿಸಿಲ್ಲ. ಐತವಾರ ಆಡಿದವರು ಯಾರಪ್ಪಾ, ನರಸಿಂಗ?”

ಅಯ್ಯೋ ದೇವರೇ! ಆಟ ಏನೋ ಕೇಳಿತ್ತು, ಓದದೆ ಹೂಂ ಅಂತ ಒತ್ತಿದ್ದ. ನೆಲ ಬಾಯಿ ಬಿಡಬಾರದೇ ಅನ್ನಿಸಿತು ನರಸಿಂಗನಿಗೆ.

“ತಪ್ಪು ನಂದ ಅದರಿ,” ಎಂದ.

“ಆಗಿದ್ದು ಆಯ್ತವ್ವಾ, ನಾಳಿಂದ ಕೆಲಸಕ್ಕ ಬಾ,” ಎಂದ ಪಂಢರಿ.

“ಬರ್ತೇನ್ರಿ. ಆದ್ರ ನಮ್ಮ ಅರಿಬಿ ಇನ್ನೂ ಅಂಗಳದಾಗ ಬಿದ್ದಾವ. ಮುಂಜಾನಿ ನೋಡಿದ ಮಂದೀನ ಕರೀತೇನಿ. ಚೆಲ್ಲಿದವರ ಬಂದು ಮಡಚಿ ಇಡಬೇಕು.”

ಸಂಜೆ ಓಣಿಯೆಲ್ಲ ನಿಂತು ನೋಡಿತು. ನರಸಿಂಗ ತಲೆ ಎತ್ತದೆ ಒಂದೊಂದನ್ನೇ ಧೂಳು ಕೊಡವಿ ಮಡಚಿದ. ಶಿವರಾಜಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಟ್ರಂಕಿನ ಮುಚ್ಚಳ ಹಿಡಿದಿದ್ದರು. ಕೊನೆಗೊಂದು ಪುಟ್ಟ ನೀಲಿ ಅಂಗಿ ಉಳಿಯಿತು.

“ಅದು ಸಾಲಿ ಅಂಗಿ,” ಎಂದಳು ಮರಿಯಮಬೀ. “ಮ್ಯಾಲ ಇಡ್ರಿ. ನಾಳಿ ಬೇಕು.”